ಎಚ್‌ಆರ್‌ಸಿಯನ್ನು ಎಚ್‌ವಿ ಮಾಡುವ ಮುಂಚೆ

ಹೊಸೂರು ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಆಸುಪಾಸಿನ ಸಣ್ಣ ಶಾಪುಗಳಲ್ಲಿ ಗಡಸುತನ ಅಳೆಯಲು ರಾಕ್‌ವೆಲ್ ಮಷಿನ್ ಒಂದೇ ಇದ್ದು (ಅದರ ಸಿ ಸ್ಕೇಲಿನ ಅಂಕಿಯೇ ಎಚ್‌ಆರ್‌ಸಿ), ಡ್ರಾಯಿಂಗಿನಲ್ಲಿ ಗಡಸುತನ ವಿಕರ್ಸ್‌ನಲ್ಲೋ (ಎಚ್‌ವಿ) ಬ್ರಿನೆಲ್‌ನಲ್ಲೋ (ಎಚ್‌ಬಿಡಬ್ಲ್ಯು) ಬಂದರೆ, ಕಣ್ಣು ಹೋಗುವುದು ಗೋಡೆಯ ಪರಿವರ್ತನೆ ಚಾರ್ಟಿಗೆ. ಆ ಚಾರ್ಟು ಯಾವ ಲೋಹದ್ದು ಎಂದು ಮೊದಲು ಓದಿ. ಸಾಮಾನ್ಯ ಉಕ್ಕಿನ ಚಾರ್ಟು 304 ಸ್ಟೇನ್‌ಲೆಸ್‌ಗೆ, ಹಿತ್ತಾಳೆಗೆ, ಅಲ್ಯೂಮಿನಿಯಮ್‌ಗೆ ನಡೆಯುವುದಿಲ್ಲ.

ಮೂರೂ ವಿಧಾನಗಳಲ್ಲಿ ಲೋಹಕ್ಕೆ ಗಟ್ಟಿ ಮೊನೆ ಒತ್ತಿ ಗುಳಿ ಮಾಡುತ್ತಾರೆ. ರಾಕ್‌ವೆಲ್ ಅಳೆಯುವುದು ಗುಳಿಯ ಆಳವನ್ನು. ಬ್ರಿನೆಲ್, ವಿಕರ್ಸ್ ಅಳೆಯುವುದು ಅಗಲವನ್ನು. ಒತ್ತಿದಾಗ ಪ್ರತಿ ಲೋಹವೂ ತನ್ನದೇ ರೀತಿಯಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ಎಲ್ಲಕ್ಕೂ ಒಂದೇ ಸೂತ್ರ ಸಿಗದು. ಎಎಸ್‌ಟಿಎಂ ಇ140, ಐಎಸ್‌ಒ 18265 ಎಂಬ ಪರಿವರ್ತನೆ ಮಾನದಂಡಗಳ ಕೋಷ್ಟಕಗಳು ಲೋಹದ ಗುಂಪಿಗೊಂದರಂತೆ ಇರುವುದು ಅದಕ್ಕೇ. ಇ140ರ ಪ್ರಕಾರ ಸಾಮಾನ್ಯ ಉಕ್ಕಿನಲ್ಲಿ 30 ಎಚ್‌ಆರ್‌ಸಿ ಅಂದರೆ 302 ಎಚ್‌ವಿ, 40ಕ್ಕೆ 392, 50ಕ್ಕೆ 513, 60ಕ್ಕೆ 697. ಅಂತರ ಒಂದೇ ಸಮ ಇಲ್ಲ, ಗಮನಿಸಿ. 20ರ ಕೆಳಗೆ ಸಿ ಸ್ಕೇಲ್ ಬಿಟ್ಟು ಮೆದು ಲೋಹಕ್ಕಿರುವ ಬಿ ಸ್ಕೇಲಿಗೆ ಬನ್ನಿ.

ಹೆಚ್ಚು ಜಗಳ ಆಗುವುದು ಕೇಸ್ ಹಾರ್ಡನಿಂಗ್ ಜಾಬ್‌ಗಳಲ್ಲಿ, ಅಂದರೆ ಮೇಲ್ಪದರ (ಕೇಸ್) ಮಾತ್ರ ಗಟ್ಟಿ ಮಾಡಿದವುಗಳಲ್ಲಿ. ಸಿ ಸ್ಕೇಲಿನ ಎಣಿಕೆ 100ರಿಂದ ಕೆಳಕ್ಕೆ, ಒಂದು ಪಾಯಿಂಟ್ ಅಂದರೆ 0.002 ಮಿ.ಮೀ. 60 ತೋರಿಸುವಾಗ ವಜ್ರದ ಮೊನೆ, 10 ಕೆಜಿ ಪ್ರೀಲೋಡ್ (ಮೊದಲ ಒತ್ತು) ಆದಮೇಲೆ, 0.08 ಮಿ.ಮೀ. ಇಳಿದಿರುತ್ತದೆ. ಕೆಳಗೆ ಅದರ ಹತ್ತುಪಟ್ಟು, ಅಂದರೆ 0.8 ಮಿ.ಮೀ. ಗಟ್ಟಿ ಪದರ ಬೇಕು. ಕೇಸ್ 0.4 ಮಿ.ಮೀ. ಇರುವ ಗೇರಿನ ಮೇಲೆ ಸಿ ಸ್ಕೇಲಿನ 150 ಕೆಜಿ ಹಾಕಿದರೆ ಒಳಗಿನ ಮೆದು ಉಕ್ಕು ಕುಸಿದು ರೀಡಿಂಗ್ ಕಡಿಮೆ ಬರುತ್ತದೆ. ಅದನ್ನು ಚಾರ್ಟಿಗೆ ಹಾಕಿ, ಹೀಟ್ ಟ್ರೀಟ್‌ಮೆಂಟ್ ಕೆಟ್ಟಿದೆ ಎಂದು ಮತ್ತೆ ಫರ್ನೇಸಿಗೆ ಕಳಿಸಿದರೆ ಸರಿಯಿದ್ದ ಗೇರೂ ಸೊಟ್ಟಗಾಗುತ್ತದೆ. ಇಲ್ಲಿ ರಾಕ್‌ವೆಲ್‌ನ ಹಗುರ ಲೋಡಿನ 15ಎನ್ ಸ್ಕೇಲ್ ಬಳಸಿ, ಲೋಡ್ 15 ಕೆಜಿ. 60 ಎಚ್‌ಆರ್‌ಸಿಗೆ ಸಾಟಿ ಅಲ್ಲಿ 90.2.

ಒತ್ತುವ ಮುಂಚೆ ಫರ್ನೇಸಿನಲ್ಲಿ ಕಟ್ಟಿದ ಆಕ್ಸೈಡ್ ಹೊಪ್ಪಳೆ, ಕಾರ್ಬನ್ ಹೋದ ಮೇಲ್ಪದರ ಎರಡನ್ನೂ ಉಜ್ಜಿ ತೆಗೆಯಿರಿ, ಜಾಬ್ ಬಿಸಿಯಾಗದ ಹಾಗೆ. ಇಂಡೆಂಟರ್ (ಒತ್ತುವ ಮೊನೆ) ಬದಲಿಸಿದ ಮೇಲಿನ ಮೊದಲ ರೀಡಿಂಗ್ ಲೆಕ್ಕಕ್ಕಿಲ್ಲ. ಸಣ್ಣ ವ್ಯಾಸದ ಶಾಫ್ಟಿನ ದುಂಡು ಮೈಮೇಲೆ ಅಂಕಿ ಕಡಿಮೆ ಬರುತ್ತದೆ. ತಿದ್ದುಪಡಿ ಕೂಡಿಸಿ ಆಮೇಲೆ ಚಾರ್ಟ್ ನೋಡಿ.

ರಿಪೋರ್ಟಿನಲ್ಲಿ ಪರಿವರ್ತಿಸಿದ್ದು ಮೊದಲು, ಅಳೆದದ್ದು ಆವರಣದಲ್ಲಿ: 353 ಎಚ್‌ಬಿಡಬ್ಲ್ಯು (38 ಎಚ್‌ಆರ್‌ಸಿ). ಪರಿವರ್ತಿಸಿದ ಅಂಕಿಯನ್ನು ಹಿಡಿದು ಮೂರನೆಯ ಸ್ಕೇಲಿಗೆ ಹೋಗಲೇಬಾರದು, ತಪ್ಪಿನ ಮೇಲೆ ತಪ್ಪು ಕೂಡುತ್ತದೆ.

ಡ್ರಾಯಿಂಗ್ 650ರಿಂದ 700 ಎಚ್‌ವಿ ಕೇಳಿದ್ದರೆ ಅದು ರಾಕ್‌ವೆಲ್‌ನಲ್ಲಿ ಸುಮಾರು 58ರಿಂದ 60, ಬರೀ ಎರಡು ಪಾಯಿಂಟ್. ಮಷಿನ್ನೇ ಒಂದು ಪಾಯಿಂಟ್ ಆಚೀಚೆ ಆಗಬಹುದು. ಅಂಥ ಲಾಟಿಗೆ ಚಾರ್ಟ್ ಸಾಲದು, ಸ್ಯಾಂಪಲ್ ಪೀಸನ್ನು ವಿಕರ್ಸ್ ಇರುವ ಲ್ಯಾಬಿಗೇ ಕಳಿಸಿ.