ತಳದಲ್ಲಿ ಕಡಿಮೆ ಬಿದ್ದ ಅರ್ಧ ಮಿಲಿಮೀಟರ್

ಡಿಸೈನ್ ವಿಭಾಗಕ್ಕೆ ಸೇರಿ ಆರು ತಿಂಗಳಾಗಿತ್ತು. ನಾನೊಬ್ಬನೇ ಕೂತು ಪೂರ್ತಿ ಮಾಡಿದ ಮೊದಲ ಲೆಕ್ಕ ಎಲ್‌ಪಿಜಿ ತುಂಬಿಡುವ ಗೋಳಾಕಾರದ ಟ್ಯಾಂಕಿನದು. ಒಳಗಿನ ತ್ರಿಜ್ಯ 6 ಮೀಟರ್, ಡಿಸೈನ್ ಒತ್ತಡ 1.5 ಮೆಗಾಪಾಸ್ಕಲ್, ಒತ್ತಡದ ಟ್ಯಾಂಕುಗಳಿಗೆ ಬಳಸುವ ಎಸ್‌ಎ 516 ಗ್ರೇಡ್ 70 ಉಕ್ಕು. ಬೆಳಿಗ್ಗೆ ಹತ್ತಕ್ಕೆ ಹಿಡಿದ ಕೆಲಸ ಹನ್ನೊಂದರೊಳಗೆ ಮುಗಿಯಿತು. ಗೋಡೆಯ ದಪ್ಪ 35 ಮಿ.ಮೀ. ಎಂದು ಬರೆದು, ಕೆಳಗೆ ಗೆರೆ ಎಳೆದು, ಹಿರಿಯ ಎಂಜಿನಿಯರ್ ಮೇಜಿನ ಮೇಲಿಟ್ಟು ಬಂದೆ.

ಗೋಳದ ಲೆಕ್ಕ ಅಷ್ಟು ಚಿಕ್ಕದು. ಕಾಲೇಜಿನಲ್ಲಿ ಅದನ್ನು ಮೊದಲ ಸಲ ಕಲಿತ ದಿನದಿಂದಲೂ ನನಗೆ ಅದರ ಮೇಲೆ ಪ್ರೀತಿ. ಗೋಳವನ್ನು ಮನಸ್ಸಿನಲ್ಲೇ ನಡುವೆ ಕತ್ತರಿಸಿ ಅರ್ಧ ಭಾಗ ಕೈಗೆತ್ತಿಕೊಳ್ಳಬೇಕು. ಒಳಗಿನ ಒತ್ತಡ ಅರ್ಧಗೋಳದ ಇಡೀ ಬಾಗಿದ ಮೈಯನ್ನು ಒತ್ತುತ್ತದೆ ನಿಜ. ಆದರೆ ಅಡ್ಡಡ್ಡಲಾಗಿ ಒತ್ತುವ ಬಲಗಳು ಎದುರುಬದುರು ನಿಂತು ಒಂದನ್ನೊಂದು ಕಳೆದುಬಿಡುತ್ತವೆ. ಉಳಿಯುವುದು ಕತ್ತರಿಸಿದ ವೃತ್ತದ ವಿಸ್ತೀರ್ಣವನ್ನು ಒತ್ತಡದಿಂದ ಗುಣಿಸಿದಷ್ಟು ಬಲ ಮಾತ್ರ. ಅದನ್ನು ತಡೆಯುವುದು ವೃತ್ತದ ಅಂಚಿನ ಉಂಗುರದಂಥ ಉಕ್ಕು. ಅದರ ವಿಸ್ತೀರ್ಣ ಸುತ್ತಳತೆ ಗುಣಿಸು ದಪ್ಪ. ಎರಡನ್ನೂ ಸಮ ಮಾಡಿದರೆ ಪೈ ಹೊರಟುಹೋಗುತ್ತದೆ. ಉಳಿಯುವುದು ಪಿಆರ್ ಬೈ ಟೂ ಟಿ: ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ, ದಪ್ಪದ ಎರಡರಷ್ಟರಿಂದ ಭಾಗಿಸಿದರೆ ಗೋಡೆಯ ಸ್ಟ್ರೆಸ್, ಅಂದರೆ ಉಕ್ಕಿನ ಒಂದೊಂದು ಚದರ ಅಳತೆ ಹೊರುವ ಬಲ. ಯಾವ ದಿಕ್ಕಿಗೆ ಕತ್ತರಿಸಿದರೂ ಇದೇ ಉತ್ತರ. ಅದೇ ತ್ರಿಜ್ಯದ ಸಿಲಿಂಡರ್ ಆಗಿದ್ದರೆ ಸುತ್ತಳತೆಯ ದಿಕ್ಕಿನಲ್ಲಿ ಇದರ ಎರಡರಷ್ಟು ಸ್ಟ್ರೆಸ್ ಬಂದು, 35ರ ಜಾಗದಲ್ಲಿ ಹೆಚ್ಚುಕಡಿಮೆ 67 ಮಿ.ಮೀ. ದಪ್ಪದ ಪ್ಲೇಟ್ ಕೇಳುತ್ತಿತ್ತು.

ಒತ್ತಡದ ಟ್ಯಾಂಕುಗಳ ನಿಯಮಾವಳಿಯಾದ ಎ.ಎಸ್.ಎಂ.ಇ. ಕೋಡ್‌ನ ಸೂತ್ರ ಇದಕ್ಕೆ ಒಂದು ಸಣ್ಣ ತಿದ್ದುಪಡಿ ಸೇರಿಸುತ್ತದೆ, ವೆಲ್ಡಿಂಗ್ ಜೋಡಣೆಯ ದಕ್ಷತೆಯನ್ನೂ ಕೇಳುತ್ತದೆ. ನಮ್ಮದು ಪೂರ್ತಿ ರೇಡಿಯೋಗ್ರಫಿ, ಅಂದರೆ ವೆಲ್ಡ್‌ಗಳಿಗೆಲ್ಲಾ ಎಕ್ಸ್‌ರೇ ಥರದ ತಪಾಸಣೆ, ಹಾಗಾಗಿ ದಕ್ಷತೆ 1. ಉಕ್ಕಿಗೆ ಅನುಮತಿಸಿದ ಸ್ಟ್ರೆಸ್ 138 ಮೆಗಾಪಾಸ್ಕಲ್. ಬಂದ ದಪ್ಪ 32.64 ಮಿ.ಮೀ. ತುಕ್ಕಿಗೆಂದು 1.5 ಸೇರಿಸಿದರೆ 34.14. ಅದಕ್ಕೇ 35.

ಮಧ್ಯಾಹ್ನ ಹಿರಿಯ ಎಂಜಿನಿಯರ್ ಕರೆದರು. ಹಾಳೆಯಲ್ಲಿ 1.5 ಎಂದಿದ್ದ ಕಡೆ ಪೆನ್ಸಿಲ್ ಇಟ್ಟು ಕೇಳಿದರು: "ಇದು ಗೋಳದಲ್ಲಿ ಎಲ್ಲಿಯ ಒತ್ತಡ?"

"ಒಳಗೆಲ್ಲಾ ಅದೇ ಅಲ್ವಾ ಸರ್?"

"ಬರೀ ಗ್ಯಾಸ್ ಇದ್ದರೆ ಹೌದು. ಇದರಲ್ಲಿ ತುಂಬೋದು ಏನು?"

ನನ್ನ ಎದೆ ಧಸಕ್ಕೆಂದಿತು. ಎಲ್‌ಪಿಜಿ ಟ್ಯಾಂಕಿನೊಳಗೆ ಇರುವುದು ದ್ರವ. 1.5 ಮೆಗಾಪಾಸ್ಕಲ್ ಮೇಲಿನ ತುದಿಯದು. 12 ಮೀಟರ್ ಕೆಳಗೆ, ತಳದಲ್ಲಿ, ಆ ದ್ರವದ ಭಾರವೂ ಸೇರುತ್ತದೆ. ಸಾಂದ್ರತೆ ಘನ ಮೀಟರಿಗೆ 550 ಕಿಲೋ ಹಿಡಿದರೆ 0.065 ಮೆಗಾಪಾಸ್ಕಲ್ ಹೆಚ್ಚುವರಿ. ಅವರೆದುರೇ ನಿಂತು ಮತ್ತೆ ಗುಣಿಸಿದೆ. 34.06, ತುಕ್ಕಿನದು ಸೇರಿ 35.56. ನಾನು ಕೊಟ್ಟಿದ್ದು 35. ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಕಡಿಮೆ ಬಿದ್ದಿತ್ತು, ಅದೂ ಒತ್ತಡ ಎಲ್ಲಕ್ಕಿಂತ ಹೆಚ್ಚಿರುವ ಜಾಗದಲ್ಲಿ.

ನನಗೊಂದು ಅನುಮಾನ ಉಳಿದಿತ್ತು, ಕೇಳಿಬಿಟ್ಟೆ. ಅರ್ಧಕ್ಕೆ ಕತ್ತರಿಸಿ ಪಡೆದ ಸೂತ್ರ ಅದು. ಒತ್ತಡ ಎಲ್ಲೆಡೆ ಒಂದೇ ಇಲ್ಲದಾಗ ತಳಕ್ಕೆ ಅದನ್ನೇ ಹಚ್ಚುವುದು ಸರಿಯೇ? ಅವರು ಖುಷಿಯಾದರು. ಹಾಳೆಯ ಹಿಂಬದಿಯಲ್ಲಿ ಗೋಳದ ತಳದ ಒಂದು ಅಂಗೈಯಗಲದ ತುಂಡನ್ನು ಬರೆದರು. ಅರ್ಧಗೋಳ ಬೇಡ, ಈ ತುಂಡನ್ನಷ್ಟೇ ನೋಡಿ, ಎಂದರು. ಒಂದೊಂದು ದಿಕ್ಕಿನ ಸ್ಟ್ರೆಸ್ಸನ್ನು ಆ ದಿಕ್ಕಿನ ಬಾಗಿನ ತ್ರಿಜ್ಯದಿಂದ ಭಾಗಿಸಿ ಎರಡನ್ನೂ ಕೂಡಿದರೆ, ಅಲ್ಲಿನ ಒತ್ತಡವನ್ನು ದಪ್ಪದಿಂದ ಭಾಗಿಸಿದಷ್ಟಕ್ಕೆ ಸಮ. ಗೋಳದಲ್ಲಿ ಎರಡು ತ್ರಿಜ್ಯಗಳೂ ಒಂದೇ. ಸರಿಯಾಗಿ ತಳದ ಬಿಂದುವಿನಲ್ಲಿ ಸುತ್ತಲೂ ಒಂದೇ ಥರ ಇರುವುದರಿಂದ ಎರಡು ಸ್ಟ್ರೆಸ್‌ಗಳೂ ಒಂದೇ. ಮತ್ತೆ ಅದೇ ಪಿಆರ್ ಬೈ ಟೂ ಟಿ ಬಂತು, ಆದರೆ ಈ ಸಲ ಪಿ ಎಂದರೆ ಆ ಜಾಗದ ಒತ್ತಡ. ಎಷ್ಟೋ ವರ್ಷ ಬಾಯಿಪಾಠ ಬರುತ್ತಿದ್ದ ಸೂತ್ರದ ಒಂದು ಅಕ್ಷರದ ಅರ್ಥ ನನಗೆ ಆವತ್ತು ಸಿಕ್ಕಿತು. ಗೋಳವನ್ನು ಹೊತ್ತು ನಿಲ್ಲುವ ಕಾಲುಗಳು ಅದಕ್ಕೆ ಬೆಸೆದುಕೊಳ್ಳುವ ಕಡೆ ಈ ಸೂತ್ರ ಸಾಲದು, ಅಲ್ಲಿ ಗೋಡೆ ಬಾಗುತ್ತದೆ, ಅದರ ಲೆಕ್ಕವೇ ಬೇರೆ ಎಂದೂ ಹೇಳಿದರು.

ಸಂಜೆಯವರೆಗೆ ಪ್ಲೇಟ್‌ಗಳನ್ನು ಸಾಲುಸಾಲಾಗಿ ಮತ್ತೆ ಲೆಕ್ಕ ಮಾಡಿದೆ. ಕೋಡ್ ಸೂತ್ರದ ಪ್ರಕಾರ ಮೇಲಿನಿಂದ ಸುಮಾರು 7 ಮೀಟರ್ ಆಳದವರೆಗೆ 35 ಸಾಕು. ಅದಕ್ಕಿಂತ ಕೆಳಗೆ 36. ನೀರು ತುಂಬಿ ಮಾಡುವ ಪರೀಕ್ಷೆಯನ್ನೂ ಕೇಳದೆಯೇ ಸೇರಿಸಿದೆ. ನೀರು ಎಲ್‌ಪಿಜಿಗಿಂತ ಭಾರ. ತುಂಬಿದರೆ 905 ಟನ್. ಡಿಸೈನ್ ಒತ್ತಡದ 1.3ರಷ್ಟು, ಅಂದರೆ ಮೇಲೆ 1.95, ತಳದಲ್ಲಿ 2.07 ಮೆಗಾಪಾಸ್ಕಲ್. ಹೊಸ 36ರ ಪ್ಲೇಟಿನಲ್ಲಿ ಸ್ಟ್ರೆಸ್ 172. ಉಕ್ಕು ಸೋತು ಶಾಶ್ವತವಾಗಿ ಹಿಗ್ಗತೊಡಗುವುದು 260ರಲ್ಲಿ. ಅವರು ಒಂದೊಂದು ಸಾಲನ್ನೂ ಓದಿ ಸಹಿ ಹಾಕಿದರು.

ಗೋಳ ಕಟ್ಟಿ ಮುಗಿದಾಗ ಪರೀಕ್ಷೆ ನೋಡಲು ನನ್ನನ್ನೂ ಕಳಿಸಿದರು. ಗೇಜಿನ ಮುಳ್ಳು 1.95ರಲ್ಲಿ ನಿಂತಿರುವಷ್ಟು ಹೊತ್ತು ದೂರದಲ್ಲೇ ನಿಂತೆವು. ಒತ್ತಡ ಇಳಿಸಿ, ಇನ್ನು ವೆಲ್ಡ್‌ಗಳನ್ನು ನೋಡಬಹುದು ಎಂದಾಗ ಉಳಿದವರು ಏಣಿ ಹತ್ತಿದರು. ನಾನು ಟಾರ್ಚ್ ಹಿಡಿದು ಗೋಳದ ಕೆಳಗೆ ನುಗ್ಗಿ ತಳದ ಪ್ಲೇಟಿನ ಮೇಲೆ ಅಂಗೈ ಇಟ್ಟೆ. ನೀರಿನ ತಣ್ಣನೆ ಉಕ್ಕಿಗೆ ಬಂದಿತ್ತು. ವೆಲ್ಡ್ ಒಣಗಿಯೇ ಇತ್ತು.