ಚಂಬಲ್‌ನ ಮರಳು

23 ಮಾರ್ಚ್ 2024, ಶನಿವಾರ
ಧೋಲ್‌ಪುರ, ರಾಜಸ್ಥಾನ

ಬೆಳಗಿನ ಆರೂವರೆಗೆ ಅಕ್ಕ ಮತ್ತು ನಾನು ರಾಜ್‌ಘಾಟ್ ಸೇತುವೆಯ ಕೆಳಗೆ ಇಳಿದೆವು. ತಲೆಯ ಮೇಲೆ ಲಾರಿಗಳ ಗಡಗಡ. ನಮ್ಮ ಹೆಬ್ಬಾಳದಲ್ಲಿ ಹಾದುಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯೇ ಇಲ್ಲಿ ಚಂಬಲ್ ನದಿಯನ್ನು ದಾಟುತ್ತದೆ. ದೋಣಿ ಮೊದಲ ತಿರುವು ಕಳೆದದ್ದೇ ತಡ, ಆ ಸದ್ದು ನಿಂತುಹೋಯಿತು. ಎರಡೂ ದಡದಲ್ಲಿ ಮಳೆನೀರು ಕೊರೆದ ಮಣ್ಣಿನ ಕೊರಕಲುಗಳು. ಇಲ್ಲಿಯವರ ಮಾತಿನಲ್ಲಿ ಬೀಹಡ್. ಡಕಾಯಿತರ ಕಥೆಗಳಿಂದಲೇ ನನಗೆ ಈ ಹೆಸರು ಗೊತ್ತಿತ್ತು. ನೀರು ಇಷ್ಟು ತಿಳಿಯಾಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮಹಾಭಾರತದ ಚರ್ಮಣ್ವತಿ ಇದೇ.

ಅರ್ಧ ಗಂಟೆಯೊಳಗೆ ಮೊದಲ ಘರಿಯಾಲ್ ಕಂಡಿತು. ಅದರ ಹಿಂದೆಯೇ ಎಂಟು, ಹತ್ತು. ಕೋಲಿನಂತೆ ಸಪೂರವಾದ ಮೂತಿ, ನೂರಕ್ಕೂ ಹೆಚ್ಚು ಹಲ್ಲು, ಮೊಸಳೆ ಬಳಗದ, ಮೀನು ಹಿಡಿಯಲೆಂದೇ ಹುಟ್ಟಿದ ಪ್ರಾಣಿ. ನಡುವೆ ಒಂದು ದೊಡ್ಡ ಗಂಡು. ಅದರ ಮೂತಿಯ ತುದಿಯಲ್ಲಿ ಗಡಿಗೆ ಕವುಚಿಟ್ಟಂಥ ಗಂಟು. ಹಿಂದಿಯ ‘ಘಡಾ’ದಿಂದಲೇ ಆ ಹೆಸರು ಬಂದದ್ದು. ನಮ್ಮ ‘ಗಡಿಗೆ’ ಅದಕ್ಕೆ ದೂರದ ನೆಂಟನೇನೋ ಎನಿಸಿ ಸುಮ್ಮನೆ ಖುಷಿಯಾಯಿತು.

ಬೆಳೆದ ಘರಿಯಾಲ್ ನೆಲದ ಮೇಲೆ ಹೊಟ್ಟೆ ಎತ್ತಿ ನಡೆಯಲಾರದು, ತೆವಳಬೇಕು. ಹಾಗಾಗಿ ಬಿಸಿಲು ಕಾಯಲು ಅದಕ್ಕೆ ನೀರಂಚಿನ ಮರಳೇ ಬೇಕು. ಮೊಟ್ಟೆಗೆ ನೀರು ಏರದಷ್ಟು ಎತ್ತರದ ಮರಳ ದಿಬ್ಬ ಬೇಕು. ದೋಣಿಯವನು ಹುಟ್ಟು ನಿಲ್ಲಿಸಿ ಅಂಥದ್ದೊಂದು ದಿಬ್ಬದತ್ತ ಬೆರಳು ತೋರಿಸಿದ. ಅಲ್ಲಲ್ಲಿ ಆಳವಿಲ್ಲದ ಕುಳಿಗಳು.

“ದೀದಿ, ರಾತ್ರಿ ಹೆಣ್ಣು ಬಂದು ಕೆದಕಿ ನೋಡಿ ಹೋಗಿದೆ. ಜಾಗ ಒಪ್ಪಿಗೆಯಾದರೆ ಇನ್ನು ಹತ್ತು ದಿನದಲ್ಲಿ ಮೊಟ್ಟೆ.”

ಮನೆ ಕಟ್ಟುವ ಮೊದಲು ಪಾಯದ ಮಣ್ಣು ನೋಡುತ್ತಿದ್ದ ಅಜ್ಜ ನೆನಪಾದರು. ಆ ಕುಳಿಗಳನ್ನು ಎಷ್ಟು ಹೊತ್ತು ನೋಡಿದೆನೋ, ಅಕ್ಕ ಭುಜ ಅಲುಗಿಸಿದಳು. ಜಗತ್ತಿನಲ್ಲಿ ಉಳಿದಿರುವ ಕಾಡು ಘರಿಯಾಲ್‌ಗಳಲ್ಲಿ ಬಹುಪಾಲು ಇರುವುದು ಈ ಒಂದು ನದಿಯಲ್ಲಿ. ಅವುಗಳ ಮುಂದಿನ ಪೀಳಿಗೆ ಇಂಥ ಮರಳಲ್ಲೇ ಎರಡು ತಿಂಗಳು ಹೂತಿರಬೇಕು.

ಮುಂದೆ ಕಲ್ಲುದಡದ ಮೇಲೆ ಎರಡು ಸಾಮಾನ್ಯ ಮೊಸಳೆ, ಒಂದು ಆಮೆ. ಡಾಲ್ಫಿನ್ ಕಾಣಲಿಲ್ಲ.

ಎಂಟು ಗಂಟೆಗೆ ನದಿಯ ನಡುವಿನ ಮರಳ ದಿಣ್ಣೆಯಿಂದ ಸ್ಕಿಮ್ಮರ್ ಹಕ್ಕಿಗಳು ಎದ್ದವು. ಕಿತ್ತಳೆ ಬಣ್ಣದ ಕೊಕ್ಕು, ಮೇಲಿನದಕ್ಕಿಂತ ಕೆಳಗಿನದು ಉದ್ದ. ಆ ಕೆಳಕೊಕ್ಕನ್ನು ನೀರಿಗಿಳಿಸಿ, ಬಟ್ಟೆಗೆ ಕತ್ತರಿ ಹಾಕಿದಂತೆ ನದಿಯನ್ನು ಸೀಳುತ್ತಾ ನಮ್ಮ ಪಕ್ಕದಲ್ಲೇ ಹಾರಿದವು. ಹಿಂದಿಯಲ್ಲಿ ‘ಪನ್‌ಚೀರಾ’, ನೀರು ಸೀಳುವ ಹಕ್ಕಿ. ಭದ್ರಾ ಹಿನ್ನೀರಿನ ನಡುಗಡ್ಡೆಯಲ್ಲಿ ಗೂಡು ಮಾಡುವ ರಿವರ್ ಟರ್ನ್‌ಗಳನ್ನು ನೋಡುತ್ತಾ ಬೆಳೆದವಳು ನಾನು. ಇಲ್ಲಿಯೂ ಅವು ಸ್ಕಿಮ್ಮರ್‌ಗಳ ಜೊತೆಗೇ ಇದ್ದವು. ಊರಿನವರು ಸಿಕ್ಕಂತಾಯಿತು.

ಈ ಹಕ್ಕಿಗಳೂ ಬರಿಯ ಮರಳ ಮೇಲೆಯೇ ಮೊಟ್ಟೆ ಇಡುತ್ತವೆ. ಬೇಸಿಗೆಯಲ್ಲಿ ನೀರು ಇಳಿದು ದಿಣ್ಣೆ ದಡಕ್ಕೆ ಕೂಡಿಕೊಂಡರೆ ನಾಯಿ ನರಿಗಳು ನಡೆದೇ ಬರುತ್ತವೆ, ದನಗಳು ತುಳಿಯುತ್ತವೆ. ಮೇಲಿನ ಅಣೆಕಟ್ಟಿನಿಂದ ಒಮ್ಮೆಲೇ ನೀರು ಬಿಟ್ಟರೆ ಗೂಡುಗಳು ಕೊಚ್ಚಿಹೋಗುತ್ತವೆ. ಇವೆಲ್ಲವನ್ನೂ ದಾಟಿ ಉಳಿಯುವ ಮರಳನ್ನು ಮನುಷ್ಯ ಟ್ರಾಲಿಗೆ ತುಂಬಿಕೊಂಡು ಹೋಗುತ್ತಾನೆ. ನದಿಯ ಈ ಭಾಗ ಅಭಯಾರಣ್ಯ, ಇಲ್ಲಿ ಮರಳು ತೆಗೆಯುವುದು ಅಪರಾಧ, ಆದರೂ ಕಳವು ನಿಂತಿಲ್ಲ. ತುಂಗಭದ್ರೆಯ ದಡದಲ್ಲಿ ಇದನ್ನೇ ಕಂಡು ಬಂದವಳಿಗೆ ಹೊಟ್ಟೆಯಲ್ಲಿ ಸಂಕಟವಾಯಿತು.

“ನಿಮ್ಮ ಊರಿನ ನದಿಯಲ್ಲಿ ಮರಳು ಇದೆಯೇ?” ಎಂದು ದೋಣಿಯವನು ಕೇಳಿದ. “ಇತ್ತು” ಎಂದೆ. ಅವನು ಮತ್ತೇನೂ ಕೇಳಲಿಲ್ಲ.

ಈಗ ರಾತ್ರಿ ಹನ್ನೊಂದು. ಹೋಳಿಯ ಬೆಂಕಿಗೆ ಹುಡುಗರು ಬೀದಿಯ ಮೂಲೆಯಲ್ಲಿ ಸೌದೆ ಒಟ್ಟಿದ್ದಾರೆ. ಅಕ್ಕ ಮಲಗಿದ್ದಾಳೆ. ಆ ದಿಬ್ಬದ ಮೇಲೆ ಹೆಣ್ಣು ಘರಿಯಾಲ್ ಇವತ್ತೂ ಕೆದಕಿ ನೋಡುತ್ತಿರಬಹುದು. ಕಿಟಕಿಯಾಚೆ ಟ್ರ್ಯಾಕ್ಟರ್‌ಗಳು ಒಂದರ ಹಿಂದೊಂದು ಹೋಗುತ್ತಿವೆ. ಟ್ರಾಲಿಗಳಿಗೆ ಟಾರ್ಪಾಲಿನ್ ಹೊದಿಸಿದ್ದಾರೆ.