ನೈಲಾನ್ ಎಷ್ಟು ಡಿಗ್ರಿ ತಡೆಯುತ್ತದೆ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನೈಲಾನ್ ರಾಡುಗಳನ್ನು ಲೇತಿಗೆ ಕಟ್ಟಿ ಬುಷ್ (ತಿರುಗುವ ಶಾಫ್ಟಿನ ಸುತ್ತ ಕೂರುವ ಕೊಳವೆ), ಗೇರ್, ರೋಲರುಗಳನ್ನು ಮಾಡಿಕೊಡುವುದು ನನ್ನ ಕಸುಬು. ಬಂದವರಲ್ಲಿ ಬಹುತೇಕರು ಮೊದಲು ಕೇಳುವುದು ಒಂದೇ ಮಾತು: "ಸಾರ್, ಇದು ಎಷ್ಟು ಡಿಗ್ರಿ ತಡ್ಕೊಳ್ಳುತ್ತೆ?" ಅವರಿಗೆ ಬೇಕಾಗಿರುವುದು ಒಂದು ಅಂಕಿ, ಅದನ್ನು ಹೇಳಲು ನನಗೂ ಕಷ್ಟವಿಲ್ಲ. ನೈಲಾನಿನಲ್ಲಿ ಹಲವು ಬಗೆಗಳಿವೆ, ಅವನ್ನು ಅಂಕಿಗಳಿಂದ ಗುರುತಿಸುತ್ತಾರೆ: ನೈಲಾನ್ 6 ಕರಗುವುದು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೈಲಾನ್ 66 ಕರಗುವುದು 260ರ ಆಸುಪಾಸಿನಲ್ಲಿ. ಆದರೆ ಇಷ್ಟು ಹೇಳಿ ಸುಮ್ಮನಾದರೆ ಸುಳ್ಳು ಹೇಳದೆಯೇ ದಾರಿ ತಪ್ಪಿಸಿದಂತಾಗುತ್ತದೆ. ಏಕೆಂದರೆ ನೈಲಾನಿನ ಬಿಡಿಭಾಗ ಕರಗುವುದಕ್ಕಿಂತ ಬಹಳ ಮೊದಲೇ ಕೆಲಸಕ್ಕೆ ಬಾರದಂತಾಗಿರುತ್ತದೆ.

ಬಿಸಿಲಿಗಿಟ್ಟ ಬೆಲ್ಲದಚ್ಚು ಪಾಕವಾಗದೆಯೂ ಮೆತ್ತಗಾಗುವುದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ನೈಲಾನಿನೊಳಗೆ ಹರಳುಗಟ್ಟಿದ ಭಾಗವೂ ಇದೆ, ಹರಳುಗಟ್ಟದ ಭಾಗವೂ ಇದೆ. ಚೆನ್ನಾಗಿ ಒಣಗಿದ ನೈಲಾನ್ 50ರಿಂದ 70 ಡಿಗ್ರಿಯ ನಡುವೆ ಬಿಸಿಯಾದಾಗ ಹರಳುಗಟ್ಟದ ಭಾಗ ಸಡಿಲವಾಗಿ, ಆಕಾರ ಉಳಿದರೂ ಬಿಗಿ ಹೋಗುತ್ತದೆ. ಇದನ್ನು ಅಳೆಯಲು ಪಟ್ಟಿಯೊಂದರ ಮೇಲೆ 1.8 ಮೆಗಾಪಾಸ್ಕಲ್ ಒತ್ತಡ ಬರುವಂತೆ ಭಾರ ಹೇರಿ, ಕಾಯಿಸುತ್ತ ಹೋಗಿ, ಅದು ಗೊತ್ತಾದಷ್ಟು ಬಾಗುವ ತಾಪಮಾನವನ್ನು ಗುರುತು ಮಾಡುತ್ತಾರೆ. ಬರಿಯ ನೈಲಾನ್ 6ಕ್ಕೆ ಅದು 65 ಡಿಗ್ರಿಯ ಆಸುಪಾಸು. ಅದೇ ನೈಲಾನಿಗೆ ನೂರಕ್ಕೆ 30ರಷ್ಟು ಗಾಜಿನ ನಾರು ಸೇರಿಸಿದರೆ 200ನ್ನು ಮುಟ್ಟುತ್ತದೆ. ಕರಗುವ ಬಿಂದು ಎರಡರದೂ ಒಂದೇ. ಹೀಗಿರುವಾಗ ಕರಗುವ ಬಿಂದುವನ್ನು ನೋಡಿ ವಸ್ತುವನ್ನು ಆರಿಸುವುದು ಹೇಗೆ?

ಇದರ ಜೊತೆಗೆ ನೀರಿನ ಕಾಟವೂ ಇದೆ. ನೈಲಾನ್ 6 ನೀರಿನಲ್ಲಿ ನೆನೆದರೆ ಕೊನೆಗೆ ತನ್ನ ತೂಕದ ನೂರಕ್ಕೆ ಸುಮಾರು 9ರಷ್ಟು ನೀರನ್ನು ಹೀರಿಕೊಳ್ಳುತ್ತದೆ, ಹೀರಿದಂತೆಲ್ಲ ಆ ಮೆತ್ತಗಾಗುವ ಗಡಿ ಕೆಳಕ್ಕೆ ಜಾರಿ ಕೋಣೆಯ ತಾಪಮಾನಕ್ಕೂ ಕೆಳಗೆ ಹೋಗಬಲ್ಲದು. ಆಲೆಮನೆಯೊಂದರ ಯಜಮಾನರು ಕೊಪ್ಪರಿಗೆಯ ತಳ ಕೆರೆಯಲು ನೈಲಾನ್ ಹಲಗೆ ಮಾಡಿಕೊಡಿ ಎಂದು ಕೇಳಿದಾಗ ನಾನು ಒಪ್ಪದಿದ್ದುದು ಇದೇ ಕಾರಣಕ್ಕೆ. ಬೆಲ್ಲದ ಪಾಕ 115 ಡಿಗ್ರಿಯನ್ನು ದಾಟುತ್ತದೆ, ನೈಲಾನ್ ಅದರಲ್ಲಿ ಕರಗುವುದಿಲ್ಲ. ಆದರೆ ಬಿಸಿ, ತೇವ ಎರಡೂ ಸೇರಿ ಹಲಗೆ ಬಾಗುತ್ತದೆ, ದಿನಗಳೆದಂತೆ ಬಿಸಿನೀರು ಅದರ ಅಣುಸರಪಳಿಗಳನ್ನೇ ಕತ್ತರಿಸುತ್ತದೆ. ಅವರಿಗೆ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಮಾಡಿಸಿಕೊಳ್ಳಲು ಹೇಳಿ ಕಳುಹಿಸಿದೆ.

ಹಿಗ್ಗುವಿಕೆಯ ಪಾಠವನ್ನು ಮಾತ್ರ ನಾನು ಕೈ ಸುಟ್ಟುಕೊಂಡೇ ಕಲಿತೆ. ಮಂಡ್ಯ ಕಡೆಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಒಣಗಿಸುವ ಯಂತ್ರದ ಶಾಫ್ಟಿಗೆ ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಬುಷ್ ಬದಲು ನೈಲಾನಿನದು ಬೇಕೆಂದಿದ್ದರು. ನಾನು ಹಳೆಯ ಬುಷ್ಷಿನ ಅಳತೆಯನ್ನೇ ನಕಲು ಮಾಡಿ, 0.1 ಮಿಲಿಮೀಟರ್ ಸಡಿಲ ಬಿಟ್ಟು ಕೊಟ್ಟೆ. ಎರಡನೆಯ ದಿನವೇ ಶಾಫ್ಟ್ ಹಿಡಿದುಕೊಂಡಿತು. ಲೆಕ್ಕ ಹಾಕಿದ್ದರೆ ಮೊದಲೇ ತಿಳಿಯುತ್ತಿತ್ತು: 60 ಮಿಲಿಮೀಟರ್ ಹೊರವ್ಯಾಸದ ನೈಲಾನ್ 50 ಡಿಗ್ರಿ ಬಿಸಿಯೇರಿದರೆ ಸುಮಾರು 0.27 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕು 0.04ನ್ನೂ ಮುಟ್ಟುವುದಿಲ್ಲ. ಸುತ್ತಲೂ ಉಕ್ಕಿನ ಗೂಡು ಬಿಗಿದಿರುವಾಗ ನೈಲಾನಿಗೆ ಹಿಗ್ಗಲು ಉಳಿಯುವ ಜಾಗ ಒಳಗಿನ ರಂಧ್ರವೊಂದೇ. ಸಾಲದೆಂಬಂತೆ ಅದರ ಉಷ್ಣವಾಹಕತೆ ಗನ್‌ಮೆಟಲ್‌ನ ನೂರನೇ ಒಂದು ಭಾಗಕ್ಕೂ ಕಡಿಮೆಯಾದುದರಿಂದ ತಿಕ್ಕಾಟದ ಬಿಸಿ ಹೊರಹೋಗದೆ ಅಲ್ಲೇ ಕೂಡಿಕೊಳ್ಳುತ್ತದೆ. ಮರುಬಾರಿ ಗೋಡೆಯನ್ನು ತೆಳುವಾಗಿಸಿ, ಬುಷ್ಷಿನ ಉದ್ದಕ್ಕೂ ಓರೆಯಾಗಿ ಒಂದು ಸೀಳು ಕೊಟ್ಟು, ಸಡಿಲವನ್ನು ಹೆಚ್ಚಿಸಿದೆ. ಅದರ ಕೂಲಿಯನ್ನು ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ.

ಎಷ್ಟು ಹೊತ್ತು ಎಂಬುದೂ ಮುಖ್ಯ. ಎರಕದ ನೈಲಾನ್ 160 ಡಿಗ್ರಿಯನ್ನು ಸ್ವಲ್ಪ ಹೊತ್ತು ಸಹಿಸಿಕೊಂಡೀತು, ವರ್ಷಗಟ್ಟಲೆ ದುಡಿಯಬೇಕಾದರೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. ಮೀರಿದರೆ ಗಾಳಿಯ ಆಮ್ಲಜನಕ ಅದನ್ನು ಮೆಲ್ಲಗೆ ತಿನ್ನುತ್ತದೆ. ಬಿಳಿಯ ಬಣ್ಣ ಕಂದಿ, ಕಂದುಗಟ್ಟಿ, ಕೊನೆಗೆ ಬಿರುಕು ಬಿಡುತ್ತದೆ. ಎಂಜಿನ್ನಿನ ಬಳಿಯ ಭಾಗಗಳಿಗೆ ಇದನ್ನು ತಡೆಯಲು ತಾಮ್ರದ ಲವಣ ಬೆರೆಸಿದ ನೈಲಾನ್ ಬರುತ್ತದೆ. ಇನ್ನೂ ಮೇಲಕ್ಕೆ ಹೋಗಬೇಕೆಂದರೆ 295 ಡಿಗ್ರಿಯಲ್ಲಿ ಕರಗುವ ನೈಲಾನ್ 46 ಇದೆ. ಆದರೆ ಬೆಲೆ ಕೇಳಿದ ಮೇಲೆ ಅನೇಕರು ಗನ್‌ಮೆಟಲ್‌ಗೇ ಮರಳುತ್ತಾರೆ, ಅದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಚಳಿಯ ಬಗ್ಗೆ ಮೈಸೂರಿನಲ್ಲಿ ಕೇಳುವವರು ವಿರಳ. ಶೀತಲ ಗೃಹಗಳಿಗೆ ಭಾಗ ಮಾಡಿಸುವವರಿಗೆ ಮಾತ್ರ ನಾನು ನೈಲಾನ್ 12ನ್ನು ಸೂಚಿಸುತ್ತೇನೆ. ಅದು ಕರಗುವುದು 178 ಡಿಗ್ರಿಗೇ ಆದರೂ ನೀರನ್ನು ಹೆಚ್ಚು ಹೀರುವುದಿಲ್ಲ, ಶೂನ್ಯಕ್ಕಿಂತ 40 ಡಿಗ್ರಿ ಕೆಳಗೂ ಪಟ್ಟನೆ ಒಡೆಯುವುದಿಲ್ಲ. ಲಾರಿಗಳ ಏರ್ ಬ್ರೇಕಿನ ಕೊಳವೆಗಳನ್ನು ಅದರಿಂದ ಮಾಡುವುದೂ ಆ ಗುಣಕ್ಕಾಗಿಯೇ.